ನಿಂತ ಮೆಟ್ಟಿಲನ್ನು ಎಣಿಸಬಾರದು

ಜುಲೈ ೩

ಅಕ್ಕಾ,

ಗಣಿತದ ಮೇಷ್ಟ್ರು ನನಗೆ ಹೊಡೆದಿರಲಿಲ್ಲ. ಒಂದು ಏಟೂ ಹೊಡೆದಿರಲಿಲ್ಲ. ಐದು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಮನೆಯಲ್ಲಿ ಉಂಡು ಮಲಗಿದ್ದೇನೆ. ಭಾನುವಾರ ನಿನ್ನ ಹಾಸ್ಟೆಲಿನ ಫೋನಿನಲ್ಲಿ ಸಿಗುವ ಹತ್ತು ನಿಮಿಷದಲ್ಲಿ, ನಿನ್ನ ಹಿಂದೆ ಸಾಲು ನಿಂತವರೆಲ್ಲ ಕೇಳಿಸಿಕೊಳ್ಳುವಾಗ, ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಎಂಟನೇ ತರಗತಿಯಲ್ಲಿ ಮೇಷ್ಟ್ರು ನನ್ನನ್ನು ಬೋರ್ಡಿಗೆ ಕರೆದರು. ಲೆಕ್ಕ ದೊಡ್ಡದೇ, ಆದರೆ ನಾನು ಸಿಕ್ಕಿಬಿದ್ದದ್ದು ಅದರ ನಡುವೆ ಬಂದ ಏಳು ಕೂಡಿಸು ಐದರಲ್ಲಿ. ಕೈಯನ್ನು ಬೆನ್ನ ಹಿಂದೆ ಇಟ್ಟು ಬೆರಳು ಮಡಿಸಿ ಎಣಿಸಿದೆ. ಬೋರ್ಡಿಗೆ ಮುಖ ಮಾಡಿ ನಿಂತವನ ಬೆನ್ನ ಹಿಂದಿನ ಬೆರಳು ಇಡೀ ತರಗತಿಗೆ ಕಾಣುತ್ತದೆ ಎಂಬಷ್ಟೂ ಬುದ್ಧಿ ಇರಲಿಲ್ಲ. ಹನ್ನೊಂದು ಎಂದು ಬರೆದೆ. ಹಿಂದಿನಿಂದ ನಗು ಕೇಳಿಸಿತು.

ಮೇಷ್ಟ್ರು ನಗಲಿಲ್ಲ. ಸಂಜೆ ಉಳಿದುಕೋ, ಎಣಿಸುವ ಮಣಿ ಇಟ್ಟುಕೊಂಡು ಮೊದಲಿನಿಂದ ಹೇಳಿಕೊಡುತ್ತೇನೆ ಎಂದರು. ಮೆಲ್ಲಗೇ ಹೇಳಿದ್ದು, ಆದರೂ ಮುಂದಿನ ಬೆಂಚಿಗೆ ಕೇಳಿಸಿತು. ಆ ಮಾತು ಹಿಂದಿನ ಬೆಂಚು ಮುಟ್ಟುವಷ್ಟರಲ್ಲಿ ನನಗೆ ‘ಮಣಿಪಾಪು’ ಎಂದು ಹೆಸರು ಬಿದ್ದಿತ್ತು. ಸಂಜೆ ಮೇಷ್ಟ್ರು ಗೇಟಿನ ಹತ್ತಿರ ಕಾಯುತ್ತಿರಬಹುದೆಂದು ಹಿಂದಿನ ಗೋಡೆ ಹತ್ತಿ ಹಾರಿದೆ. ಗೋಡೆಯ ಮೇಲಿನ ತಂತಿ ತೋಳನ್ನು ಉದ್ದಕ್ಕೆ ಸೀಳಿತು. ಮನೆಗೆ ಬಂದಾಗ, ಮೇಷ್ಟ್ರು ಹೊಡೆದರಾ ಎಂದು ನೀನು ಕೇಳಿದೆ. ನಾನು ಹೌದೆಂದು ತಲೆಯಾಡಿಸಿದೆ.

ನಾನು ಮಾಡಿದ್ದು ಅಷ್ಟೇ, ಅಕ್ಕಾ. ಆಮೇಲೆ ನಿನ್ನ ಅರ್ಜಿ ಹೋಯಿತು, ವಿಚಾರಣೆ ನಡೆಯಿತು, ಮೇಷ್ಟ್ರನ್ನು ಪಾಠದಿಂದ ತೆಗೆದು ದಾಖಲೆ ಕೋಣೆಗೆ ಕೂರಿಸಿದರು. ನಾನು ಶಾಲೆ ಬಿಟ್ಟೆ. ಪಾಪ, ಏಟು ತಿಂದು ಹೆದರಿಬಿಟ್ಟ ಎಂದು ಎಲ್ಲರೂ ಅಂದರು. ಲೆಕ್ಕ ಬಾರದವನು ಎಂದು ಅನ್ನಿಸಿಕೊಳ್ಳುವುದಕ್ಕಿಂತ ಅದು ನನಗೆ ಹಿತವಾಗಿತ್ತು.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ನಿನ್ನ ಮಗಳು ಚೂಟಿಯ ಒಂದನೇ ತರಗತಿಯ ಟೀಚರು ಹೆರಿಗೆ ರಜೆಗೆ ಹೋಗಿದ್ದಾರೆ. ಬೇರೆ ಯಾರೂ ಸಿಗದೆ ಆ ಮೇಷ್ಟ್ರನ್ನೇ ದಾಖಲೆ ಕೋಣೆಯಿಂದ ಎಬ್ಬಿಸಿಕೊಂಡು ಬಂದಿದ್ದಾರೆ. ಆದರೆ ಅವರು ಪಾಠ ಮಾಡುವಷ್ಟು ಹೊತ್ತೂ ಹಿಂದಿನ ಬೆಂಚಿನಲ್ಲಿ ಆಯಾ ಸ್ವೆಟರ್ ಹೆಣೆಯುತ್ತಾ ಕೂತಿರುತ್ತಾಳಂತೆ. ಅವಳಿಗೆ ಅಲ್ಲೇನು ಕೆಲಸ ಎಂದು ಚೂಟಿಯನ್ನು ಕೇಳಿದೆ.

“ಮೇಷ್ಟ್ರು ಹೊಡೀಬಾರದು ಅಂತ ಕಾಯ್ತಾಳೆ. ಹಿಂದೆ ಒಬ್ಬ ಹುಡುಗನಿಗೆ ರಕ್ತ ಬರೋ ಹಾಗೆ ಹೊಡೆದಿದ್ರಂತೆ. ಆ ಹುಡುಗ ಯಾರು ಅಂತ ನಿಂಗೊತ್ತಾ ಮಾವ?”

ಗೊತ್ತಿಲ್ಲ ಎಂದೆ. ಅವಳ ಶೂ ಲೇಸು ಬಿಚ್ಚುತ್ತಿದ್ದೆ, ತಲೆ ಎತ್ತಬೇಕಾಗಲಿಲ್ಲ.

ಇನ್ನೂ ಒಂದಿದೆ. ಪುಸ್ತಕ ಹಿಡಿಸಿ ಕೂರಿಸಬೇಡ, ಆಟವಾಡಿಸುತ್ತಲೇ ಲೆಕ್ಕ ಹೇಳಿಕೊಡು ಎಂದು ತರಬೇತಿಗೆ ಹೋಗುವಾಗ ನೀನು ಹೇಳಿದ್ದೆ. ಹಾಗೇ ಮಾಡಿದೆ. ಚಮಚ ಜೋಡಿಸಿದೆವು, ಕಾಲುಚೀಲ ಜೊತೆ ಮಾಡಿದೆವು, ಮೆಟ್ಟಿಲು ಹತ್ತಿ ಇಳಿದೆವು. ಚೆನ್ನಾಗಿ ಕಲಿಯುತ್ತಿದ್ದಾಳೆ ಎಂದು ನಿನಗೆ ಮೂರು ಸಲ ಬರೆದೆ. ನಿನ್ನೆ ಅವಳ ನೋಟ್‌ಬುಕ್ ಬಂತು. ಹತ್ತು ಲೆಕ್ಕ, ಹತ್ತೂ ತಪ್ಪು. ಎಂಟು ಕೂಡಿಸು ಆರು ಹದಿಮೂರು ಎಂದು ಬರೆದಿದ್ದಾಳೆ. ಹೇಗೆ ಎಣಿಸಿದೆ ಎಂದರೆ, “ನೀನು ಹೇಳಿಕೊಟ್ಟ ಹಾಗೇ” ಎಂದಳು. ನಾನು ಬೆರಳು ಮಡಿಸಿ ಎಣಿಸಿ ನೋಡಿದೆ. ನನಗೂ ಹದಿಮೂರೇ ಬಂತು. ತಪ್ಪಿದೆ ಎಂದು ಗೊತ್ತು, ಎಲ್ಲಿದೆ ಎಂದು ಗೊತ್ತಾಗಲಿಲ್ಲ.

ಭಾವನಿಗೆ ಹೇಳಿಲ್ಲ. ಬಸ್ಸು ಓಡಿಸಿ ವಾರಕ್ಕೆರಡು ದಿನ ಮನೆಗೆ ಬರುವ ಮನುಷ್ಯನ ಮುಂದೆ ಇದನ್ನು ಹೇಗೆ ಎತ್ತಲಿ?

ನಿನ್ನ ತಮ್ಮ


ಜುಲೈ ೧೪

ತಮ್ಮಾ,

ಕಾಗದ ಬಂತು. ಇಲ್ಲಿ ಕಾಗದಗಳನ್ನು ವಾರ್ಡನ್ ಮೇಜಿನ ಮೇಲೆ ಹರಡಿಟ್ಟಿರುತ್ತಾರೆ. ಇನ್ನು ಮೇಲೆ ಅಂಟು ಸರಿಯಾಗಿ ಹಚ್ಚು.

ಚೂಟಿಗೆ ಬೇರೆ ಯಾರಿಂದಾದರೂ ಪಾಠ ಹೇಳಿಸಬಹುದೇ ನೋಡು. ಎದುರು ಮನೆಯ ಅಂಚೆಯಣ್ಣನ ಮಗಳು ಕಾಲೇಜಿಗೆ ಹೋಗುತ್ತಾಳಲ್ಲ, ಅವಳನ್ನು ಕೇಳು. ರಾತ್ರಿ ಮಗುವಿಗೆ ಕೆಮ್ಮು ಇದ್ದರೆ ಕಿಟಕಿ ಮುಚ್ಚು.

ಉಳಿದ ವಿಷಯ ಆಗಿಹೋದದ್ದು. ಮೇಷ್ಟ್ರಿಗೆ ಸಂಬಳವೇನೂ ನಿಲ್ಲಲಿಲ್ಲ. ಈಗ ಅದನ್ನು ಕೆದಕಿದರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ಆ ಅರ್ಜಿಯಲ್ಲಿ ನನ್ನ ಸಹಿ ಇದೆ. ಅಕ್ಟೋಬರಿನಲ್ಲಿ ನರ್ಸಿಂಗ್ ತರಬೇತಿ ಮುಗಿದರೆ, ಕೆಲಸಕ್ಕೆ ಸೇರುವ ಮೊದಲು ನಡತೆಯ ಪತ್ರ ಕೇಳುತ್ತಾರೆ. ನಾನು ಓದಿದ್ದೂ ಅದೇ ಶಾಲೆಯಲ್ಲಿ, ಪತ್ರ ಕೊಡಬೇಕಾದವರೂ ಅದೇ ಹೆಡ್‌ಮೇಡಂ. ನಿನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಅಕ್ಕ


ಜುಲೈ ೨೭

ಅಕ್ಕಾ,

ಅಂಚೆಯಣ್ಣನ ಮಗಳನ್ನು ಕೇಳಲಿಲ್ಲ. ಅದಕ್ಕೆ ಮೊದಲೇ ಶಾಲೆಯಿಂದ ಚೀಟಿ ಬಂತು. ‘ಈ ಮಗುವಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡುವವರು ಬಂದು ಕಾಣಬೇಕು.’ ಕೈಬರಹ ನೋಡಿದ ಕೂಡಲೇ ಗುರುತಾಯಿತು. ಕೆಳಗೆ ಹಾಕಿದ ತಾರೀಕಿನ ಆ ಏಳು, ಕೊಕ್ಕೆ ಹಾಕಿದ ಹಾಗೆ ಬರೆಯುವುದು.

ಮೂರು ದಿನ ತಪ್ಪಿಸಿಕೊಂಡೆ. ಫೋಟೋ ಚೌಕಟ್ಟಿನ ಅಂಗಡಿಯಲ್ಲಿ ಕೆಲಸ ಹೆಚ್ಚಿದೆ ಎಂದು ಚೂಟಿಗೆ ಹೇಳಿದೆ. ಅಂಗಡಿಯಲ್ಲಿ ಗಾಜು ಕತ್ತರಿಸುವುದು ನಾನೇ, ಆದರೆ ಅಳತೆಪಟ್ಟಿ ಮುಟ್ಟುವುದಿಲ್ಲ. ಚೌಕಟ್ಟನ್ನೇ ಗಾಜಿನ ಮೇಲಿಟ್ಟು ಗೆರೆ ಎಳೆಯುತ್ತೇನೆ. ಯಜಮಾನರು ಅದನ್ನು ಕೈಚಳಕ ಎಂದುಕೊಂಡಿದ್ದಾರೆ. ನಾಲ್ಕನೆಯ ದಿನ ಚೂಟಿ ಬಾಗಿಲಿಗೆ ಅಡ್ಡ ನಿಂತು, “ಮಾವ, ನೀನು ಹೆದರ್ಕೊಂಡಿದ್ದೀಯ. ಆಯಾ ಇರ್ತಾಳೆ, ಹೊಡೆಯೋಕೆ ಬಿಡಲ್ಲ, ಬಾ” ಎಂದಳು. ಹೋದೆ.

ಮಕ್ಕಳೆಲ್ಲ ಹೋದ ಮೇಲೆ ತರಗತಿಯಲ್ಲಿ ನಾನು, ಮೇಷ್ಟ್ರು, ಆಯಾ ಮೂವರೇ ಉಳಿದೆವು. ಚೂಟಿ ಹೊರಗೆ ಜಾರುಬಂಡೆಯ ಮೇಲಿದ್ದಳು. ಮೇಷ್ಟ್ರ ಕೂದಲು ಪೂರ್ತಿ ಬೆಳ್ಳಗಾಗಿದೆ. ಚಿಕ್ಕ ಮಕ್ಕಳ ಕುರ್ಚಿಯಲ್ಲಿ ಮಂಡಿ ಎದೆಗೆ ಬರುವ ಹಾಗೆ ಕೂತಿದ್ದರು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ.

“ನೀನೇ ಇರಬೇಕು ಅಂದ್ಕೊಂಡೆ. ಕೂಡಿದರೆ ಒಂದು ಕಡಿಮೆ, ಕಳೆದರೆ ಒಂದು ಜಾಸ್ತಿ. ಇಂಥ ಲೆಕ್ಕ ನನ್ನ ಸರ್ವೀಸಲ್ಲಿ ಇನ್ನೊಬ್ಬನ ಹತ್ತಿರ ಮಾತ್ರ ನೋಡಿದ್ದೆ.”

ಅಕ್ಕಾ, ಐದು ವರ್ಷ ಅವರು ನನ್ನ ತಪ್ಪನ್ನು ನೆನಪಿಟ್ಟುಕೊಂಡಿದ್ದರು. ಸುಳ್ಳನ್ನಲ್ಲ, ಲೆಕ್ಕದ ತಪ್ಪನ್ನು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸರ್, ಅವತ್ತು ನೀವು ಎಂದು ಶುರು ಮಾಡಿದೆ. ಅವರು ಆಯಾಳ ಕಡೆ ಒಂದು ಸಲ ನೋಡಿ, ಕೈ ಅಡ್ಡ ಹಿಡಿದರು.

“ಅದು ಆಮೇಲೆ. ಮಗು ಮೊದಲು.”

ನನ್ನನ್ನು ಹೊರಗಿನ ಮೆಟ್ಟಿಲಿನ ಹತ್ತಿರ ಕರೆದುಕೊಂಡು ಹೋದರು. ನಾಲ್ಕನೆಯ ಮೆಟ್ಟಿಲ ಮೇಲೆ ನಿಲ್ಲು, ಮೂರು ಮೆಟ್ಟಿಲು ಮೇಲೆ ಹೋಗು ಎಂದರು. ನಾನು ನಿಂತ ಮೆಟ್ಟಿಲ ಮೇಲೇ ಕಾಲು ತಟ್ಟಿ ಒಂದು ಎಂದೆ, ಆಮೇಲೆ ಎರಡು, ಮೂರು. ಆರನೆಯದರ ಮೇಲಿದ್ದೆ. ಏಳನೆಯದರ ಮೇಲಿರಬೇಕಿತ್ತು.

“ನೀನು ನಿಂತಿರೋ ಮೆಟ್ಟಿಲಿಗೆ ಆಗಲೇ ಹತ್ತಿ ಆಗಿದೆ. ಅದನ್ನ ಮತ್ತೆ ಎಣಿಸಬಾರದು. ಕಾಲು ಎತ್ತಿ ಇಟ್ಟ ಮೇಲೆ ಒಂದು ಅನ್ನು.”

ಇಷ್ಟೇ. ಒಂದನೇ ತರಗತಿಯಿಂದ ನನ್ನನ್ನು ಕಾಡಿದ್ದು ಇಷ್ಟೇ. ಎಂಟು ಕೂಡಿಸು ಆರು ಎಂದರೆ ಮೊದಲ ಬೆರಳಿಗೇ ಎಂಟು ಎನ್ನುತ್ತಿದ್ದೆ. ಒಂಬತ್ತು ಎನ್ನಬೇಕಿತ್ತು. ಅವರು ನನಗೆ ಅದನ್ನು ಅವತ್ತೇ ಸಂಜೆ, ಮಣಿ ಇಟ್ಟುಕೊಂಡು, ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಿದ್ದರು.

ಬರುವಾಗ ಹೇಳಿದರು: ಸೆಪ್ಟೆಂಬರ್ ಮೂವತ್ತಕ್ಕೆ ಅವರ ನಿವೃತ್ತಿ.

ನಿನ್ನ ತಮ್ಮ


ಆಗಸ್ಟ್ ೧೯

ಅಕ್ಕಾ,

ನೀನು ಉತ್ತರ ಬರೆದಿಲ್ಲ. ಭಾನುವಾರ ಫೋನಿನಲ್ಲೂ ಚೂಟಿಯ ಹತ್ತಿರ ಮಾತ್ರ ಮಾತಾಡಿ ಇಟ್ಟೆ. ಸರಿ. ಚೂಟಿಯ ವಿಷಯವನ್ನಾದರೂ ಬರೆಯುತ್ತೇನೆ.

ಕಲಿತ ತಪ್ಪನ್ನು ಬಿಡಿಸುವುದು ಬಲು ಕಷ್ಟ. ಮೊದಲ ವಾರ ಅವಳು ನನ್ನ ಮೇಲೆ ಕೋಪ ಮಾಡಿಕೊಂಡಳು. “ಮೊದಲು ಹಾಗೆ ಅಂದೆ, ಈಗ ಹೀಗೆ ಅಂತೀಯ, ನಾಳೆ ಇನ್ನೊಂದು ಅಂತೀಯ” ಎಂದು ಚಮಚಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದಳು. ತಪ್ಪು ನನ್ನದು, ನನಗೇ ಲೆಕ್ಕ ಬರುತ್ತಿರಲಿಲ್ಲ, ಈಗ ನಾನೂ ನಿನ್ನ ಜೊತೆ ಕಲಿಯುತ್ತಿದ್ದೇನೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ, “ಹಾಗಾದ್ರೆ ನಾನು ಟೀಚರ್” ಎಂದಳು.

ಅಲ್ಲಿಂದ ಆಟ ಬದಲಾಯಿತು. ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸುತ್ತಾಳೆ. ದಾಳ ಹಾಕುತ್ತಾಳೆ, ಬಿದ್ದಷ್ಟು ಹತ್ತಬೇಕು. ನಿಂತ ಮೆಟ್ಟಿಲ ಮೇಲೆ ಕಾಲು ತಟ್ಟಿದರೆ ಔಟು, ಕೆಳಗಿನಿಂದ ಶುರು. ಮೊನ್ನೆ ಮೂರನೇ ಮಹಡಿಯ ದರ್ಜಿ ಬಟ್ಟೆ ಗಂಟು ಹೊತ್ತು ಬಂದವರು ದಾರಿ ಸಿಗದೆ ನಿಂತರು. ಅವರಿಗೂ ದಾಳ ಕೊಟ್ಟಳು. ಆ ಮನುಷ್ಯ ಗಂಟು ಹೊತ್ತುಕೊಂಡೇ ಐದು ಹತ್ತಿದರು. ಮುಂದಿನ ಸಲ ಆರು ಬಿದ್ದರೆ ಮನೆ ಮುಟ್ಟುತ್ತೇನಾ ಎಂದು ನನ್ನನ್ನು ಕೇಳಿದರು. ಲೆಕ್ಕ ಹಾಕಿ, ಇಲ್ಲ, ಎರಡು ಉಳಿಯುತ್ತದೆ ಎಂದೆ. ಸರಿಯಾಗಿತ್ತು. ನನಗೆ ಆದ ಖುಷಿ ನಿನಗೆ ಹೇಗೆ ಹೇಳಲಿ, ಹತ್ತೊಂಬತ್ತು ವರ್ಷದವನಿಗೆ ಆಗಬಾರದ ಖುಷಿ ಅದು.

ಮೇಷ್ಟ್ರು ಇನ್ನೆರಡು ಆಟ ಚೀಟಿಯಲ್ಲಿ ಬರೆದು ಕಳಿಸಿದರು. ಬಟ್ಟೆ ನೇತುಹಾಕುವ ಹ್ಯಾಂಗರಿಗೆ ಹತ್ತು ಕ್ಲಿಪ್ಪು ಸಿಕ್ಕಿಸುವುದು. ಏಳನ್ನು ಈ ಕಡೆ ಸರಿಸಿದರೆ ಆ ಕಡೆ ಎಷ್ಟು ಉಳಿಯಿತು ಎಂದು ಕೇಳುವುದು. ಇನ್ನೊಂದು, ಹತ್ತು ಗುಂಡಿ ಎಣಿಸಿ ಇಟ್ಟು, ಮಗು ಕಣ್ಣು ಮುಚ್ಚಿದಾಗ ಒಂದಷ್ಟನ್ನು ಬಟ್ಟಲಿನ ಕೆಳಗೆ ಬಚ್ಚಿಡುವುದು. ಹೊರಗೆ ಉಳಿದದ್ದನ್ನು ನೋಡಿ ಒಳಗಿರುವುದನ್ನು ಹೇಳಬೇಕು. ಚೂಟಿ ಇದರಲ್ಲಿ ಕಳ್ಳಿ. ಒಂದು ಗುಂಡಿಯನ್ನು ಬಾಯಲ್ಲಿಟ್ಟುಕೊಂಡು ನನ್ನನ್ನು ಪೇಚಿಗೆ ಸಿಕ್ಕಿಸಿದಳು. ಹೆದರಬೇಡ, ತಕ್ಷಣ ಉಗುಳಿಸಿದೆ. ಈಗ ಗುಂಡಿಯ ಬದಲು ಚಮಚ.

ಈ ವಾರದ ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಎಂಟು ಸರಿ.

ಮೇಷ್ಟ್ರು ಕೆಟ್ಟವರಲ್ಲ ಅಲ್ವಾ ಎಂದು ಅವಳೇ ನಿನ್ನೆ ಕೇಳಿದಳು. ಅಲ್ಲ ಎಂದೆ. ಹಾಗಾದರೆ ಆಯಾ ಯಾಕೆ ಕಾಯುತ್ತಾಳೆ ಎಂದಳು. ಹೇಳಿಬಿಟ್ಟೆ ಅಕ್ಕಾ. ಆ ಹುಡುಗ ನಾನೇ, ಅವರು ಹೊಡೆಯಲಿಲ್ಲ, ಹೊಡೆದರೆಂದು ನಾನು ಸುಳ್ಳು ಹೇಳಿದೆ ಎಂದೆ. ಮತ್ತೆ, “ಆಯಾಗೆ ಹೇಳಿದ್ಯಾ?” ಎಂದಳು. ಇಲ್ಲ ಎಂದೆ. “ಮತ್ತೆ ನಂಗೆ ಯಾಕೆ ಹೇಳ್ತೀಯ? ಅವಳಿಗೆ ಹೇಳು” ಎಂದು ಗೋಡೆ ಕಡೆ ತಿರುಗಿ ಕೂತಳು. ಅವಳು ಅವತ್ತು ನನ್ನ ಜೊತೆ ಆಡಲಿಲ್ಲ.

ಹೆಡ್‌ಮೇಡಂಗೆ ಬರೆದು ಕೊಡಬೇಕೆಂದಿದ್ದೇನೆ. ಮೇಷ್ಟ್ರು ನಿವೃತ್ತರಾಗಿ ಮನೆಗೆ ಹೋಗುವ ಮೊದಲೇ ಆಗಬೇಕು. ನಿನ್ನನ್ನು ಕೇಳದೆ ಕೊಡುವುದಿಲ್ಲ. ಅರ್ಜಿಯಲ್ಲಿ ‘ಬೆತ್ತದ ಗಾಯವನ್ನು ಕಣ್ಣಾರೆ ಕಂಡಿದ್ದೇನೆ’ ಎಂದು ನೀನು ಬರೆದದ್ದು ನನಗೆ ಗೊತ್ತು. ಲಕೋಟೆ ಅಂಟಿಸುವ ಮೊದಲು ಓದಿದ್ದೆ.

ನಿನ್ನ ತಮ್ಮ


ಸೆಪ್ಟೆಂಬರ್ ೭

ತಮ್ಮಾ,

ಮೂರು ಸಲ ಬರೆದು ಹರಿದೆ.

ಗಾಯ ತೊಳೆದವಳು ನಾನು. ಅದರಲ್ಲಿ ತುಕ್ಕಿನ ಪುಡಿ ಇತ್ತು. ಬೆತ್ತದಲ್ಲಿ ತುಕ್ಕು ಇರುವುದಿಲ್ಲ ಎಂದು ತಿಳಿಯಲು ನರ್ಸಾಗಬೇಕಿಲ್ಲ. ಆದರೂ ಹೊಡೆದರಾ ಎಂದು ನಾನೇ ಕೇಳಿದೆ. ನೀನು ತಲೆಯಾಡಿಸಿದೆ. ನನಗೆ ಬೇಕಾಗಿದ್ದೂ ಅದೇ.

ಅದಕ್ಕೆ ಒಂದು ವಾರ ಮೊದಲು ಮೇಷ್ಟ್ರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ನಿಮ್ಮ ತಮ್ಮನಿಗೆ ಒಂದನೇ ತರಗತಿಯ ಲೆಕ್ಕ ಬರುವುದಿಲ್ಲ, ಮನೆಯಲ್ಲಿ ಯಾರು ಹೇಳಿಕೊಡುತ್ತಿದ್ದರು ಎಂದು ಕೇಳಿದ್ದರು. ನಾನೇ ತಾನೇ. ಅಮ್ಮ ಹೋದ ಮೇಲೆ ನಿನ್ನ ಲೆಕ್ಕವನ್ನೆಲ್ಲ ನಾನೇ ಮಾಡಿ ಕೊಡುತ್ತಿದ್ದೆ, ನೀನು ನೋಡಿ ಬರೆದುಕೊಳ್ಳುತ್ತಿದ್ದೆ. ಬೇಗ ಮುಗಿದರೆ ನನ್ನ ಕೆಲಸ ಮುಗಿಯುತ್ತಿತ್ತು. ನೀನು ಹೇಗೆ ಎಣಿಸುತ್ತೀಯ ಎಂದು ಒಂದು ದಿನವೂ ಕೂತು ನೋಡಲಿಲ್ಲ. ಅವರು ಹಾಗೆ ಕೇಳಿದಾಗ ಬೀದಿಯಲ್ಲಿ ನನ್ನ ಮುಖಕ್ಕೆ ಹೊಡೆದಂತಾಗಿತ್ತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಕೊಡುವುದಾದರೆ ಕೊಡು. ತಡೆಯಲು ನನಗೆ ಬಾಯಿಲ್ಲ. ಆದರೆ ಹೆಡ್‌ಮೇಡಂ ಕೇಳಿದರೆ ಅಕ್ಕನಿಗೆ ಏನೂ ಗೊತ್ತಿರಲಿಲ್ಲ ಎಂದು ಹೇಳು. ಅಷ್ಟನ್ನು ನನಗಾಗಿ ಮಾಡು.

ತರಬೇತಿ ಬೇಗ ಮುಗಿಯುತ್ತದೆ. ಅಕ್ಟೋಬರ್ ಒಂದರ ಸಂಜೆ ಬರುತ್ತೇನೆ. ಆಗ ನೀನು ಮನೆಯಲ್ಲಿ ಇರಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ಸ್ವಲ್ಪ ದಿನ ನಿನ್ನ ಎದುರು ಕೂತು ಊಟ ಮಾಡಲು ನನಗಾಗುವುದಿಲ್ಲ.

ಅಕ್ಕ


ಸೆಪ್ಟೆಂಬರ್ ೩೦

ಅಕ್ಕಾ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಮಂಚದ ಮೇಲೆ ಇಟ್ಟಿರುತ್ತೇನೆ.

ಬರೆದದ್ದನ್ನು ಕಳೆದ ಸೋಮವಾರ ಹೆಡ್‌ಮೇಡಂ ಕೈಗೆ ಕೊಟ್ಟೆ. ಒಂದೇ ಪುಟ. ಬೋರ್ಡು, ಬೆರಳು, ಗೋಡೆ, ತಂತಿ, ತಲೆಯಾಡಿಸಿದ್ದು. ಮಣಿಪಾಪು ಎಂದು ಕರೆದದ್ದನ್ನೂ ಬರೆದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕಪಾಟಿನಿಂದ ಹಳೆಯ ಕಡತ ತರಿಸಿ ನಿನ್ನ ಅರ್ಜಿಯ ಮೇಲೆ ಬೆರಳಿಟ್ಟರು.

“ನಿಮ್ಮಕ್ಕ ಬೆತ್ತದ ಗಾಯ ಕಣ್ಣಾರೆ ಕಂಡಿದ್ದೀನಿ ಅಂತ ಬರೆದಿದ್ದಾರಲ್ಲ. ಅದು ಬೆತ್ತದ್ದಲ್ಲ ಅಂತ ಅವರಿಗೆ ಗೊತ್ತಿರಲಿಲ್ವಾ?”

ನೀನು ಹೇಳಿಕೊಟ್ಟ ಮಾತು ನಾಲಿಗೆಯ ತುದಿಯಲ್ಲಿತ್ತು. ಮನೆಯಿಂದ ಶಾಲೆಯವರೆಗೆ ಅದನ್ನೇ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಹೇಳಲಾಗಲಿಲ್ಲ ಅಕ್ಕಾ. “ಅದನ್ನ ಅಕ್ಕನನ್ನೇ ಕೇಳಿ ಮೇಡಂ” ಎಂದೆ. ಇಷ್ಟು ವರ್ಷದಲ್ಲಿ ನೀನು ನನ್ನಿಂದ ಕೇಳಿದ್ದು ಇದೊಂದೇ, ಇದನ್ನೂ ಮಾಡಿಕೊಡಲಿಲ್ಲ. ಅವರು ನಿನ್ನನ್ನು ಕರೆಸುತ್ತಾರೆ. ನಡತೆಯ ಪತ್ರದ ವಿಷಯ ಏನಾಗುತ್ತದೋ ನನಗೆ ಗೊತ್ತಿಲ್ಲ. ನಿನ್ನ ತುಕ್ಕಿನ ಮಾತನ್ನು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿನ್ನದು.

ಮಂಗಳವಾರದಿಂದ ಆಯಾ ತರಗತಿಯಲ್ಲಿ ಕೂರಲಿಲ್ಲ. ಶನಿವಾರದವರೆಗೆ ಐದು ದಿನ ಮೇಷ್ಟ್ರು ಒಬ್ಬರೇ ಪಾಠ ಮಾಡಿದರು. ಐದು ವರ್ಷಕ್ಕೆ ಐದು ದಿನ. ಇವತ್ತು ಸೋಮವಾರ, ಅವರ ಕೊನೆಯ ದಿನ, ಪಾಠವಿರಲಿಲ್ಲ, ಹೋಗಿ ಕಂಡೆ. ಕ್ಷಮಿಸಿ ಎಂದು ಬಾಯಿಬಿಟ್ಟು ಹೇಳಿದೆ. ಅವರು ಆಗಲಿ ಎನ್ನಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. ಮೇಜಿನ ಡ್ರಾಯರ್ ಖಾಲಿ ಮಾಡುತ್ತಾ, “ವಿಚಾರಣೆ ಆದಾಗ ನನ್ನ ಹೆಂಡತಿ ಬದುಕಿದ್ದಳು. ಅವಳೂ ಒಂದು ಸಲ ಕೇಳಿದಳು, ನಿಜವಾಗ್ಲೂ ಹೊಡೆದ್ರಾ ಅಂತ” ಎಂದರು. ಆಮೇಲೆ ಚೂಟಿಗೆ ಹತ್ತು ದಾಟುವ ಕಳೆಯುವ ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ, ಬಿಡಬೇಡ ಎಂದರು. ನಾನು ನಿಂತೇ ಇದ್ದೆ. ಇನ್ನು ಹೋಗು ಎಂದರು.

ಭಾವನಿಗೂ ಹೇಳಿದ್ದೇನೆ, ನನ್ನ ಭಾಗವನ್ನು ಮಾತ್ರ. ಅವರು ತಟ್ಟೆ ನೋಡುತ್ತಾ ಊಟ ಮುಗಿಸಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು.

ಇನ್ನು ಚೂಟಿಯ ವಿಷಯ. ಕೂಡುವುದು ಇಪ್ಪತ್ತರವರೆಗೆ ಬರುತ್ತದೆ. ಕಳೆಯುವಾಗ ಈಗಲೂ ಕೆಲವೊಮ್ಮೆ ನಿಂತಲ್ಲೇ ಕಾಲು ತಟ್ಟುತ್ತಾಳೆ. ತಪ್ಪು ಎನ್ನಬೇಡ, “ಎಲ್ಲಿ ನಿಂತಿದ್ದೆ?” ಎಂದು ಕೇಳು, ತಾನೇ ಸರಿಮಾಡಿಕೊಳ್ಳುತ್ತಾಳೆ. ಊಟಕ್ಕೆ ತಟ್ಟೆ ಇಡಲು ಅವಳಿಗೇ ಬಿಡು, ಎಷ್ಟಿವೆ, ಇನ್ನೆಷ್ಟು ಬೇಕು ಎಂದು ಕೇಳು. ನಾಳೆಯಿಂದ ಅಮ್ಮನ ತಟ್ಟೆ ಒಂದು ಹೆಚ್ಚು, ನನ್ನದು ಒಂದು ಕಡಿಮೆ ಎಂದು ಅವಳಿಗೆ ಹೇಳಿದ್ದೇನೆ. ನಿನ್ನ ಕೆಲಸ ಎಷ್ಟೇ ಇರಲಿ, ಅವಳು ಎಣಿಸುವಾಗ ಉತ್ತರ ಹೇಳಿಬಿಡಬೇಡ. ಪಕ್ಕದಲ್ಲಿ ಕೂತು ಬೆರಳು ನೋಡು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಾನು ಎಲ್ಲಿಗೆ ಹೋಗುತ್ತೇನೆ ಎಂದು ಅವಳು ಕೇಳಿದಳು. ಇನ್ನೊಂದು ಊರಿನಲ್ಲಿ ಕಿಟಕಿ ಗಾಜಿನ ಕೆಲಸ ಸಿಕ್ಕಿದೆ ಎಂದೆ. ಎಷ್ಟು ದಿನ ಎಂದಳು. ಗೊತ್ತಿಲ್ಲ ಎಂದೆ. ಅದು ಲೆಕ್ಕವೇ ಅಲ್ಲ ಎಂದು ಮುಖ ತಿರುಗಿಸಿದಳು.

ಬೀಗದ ಕೈ ಎದುರು ಮನೆಯಲ್ಲಿ ಕೊಟ್ಟಿರುತ್ತೇನೆ. ನೀನು ಬರುವವರೆಗೆ ಸಂಜೆ ಮಗುವನ್ನು ಅವರೇ ನೋಡಿಕೊಳ್ಳುತ್ತಾರೆ. ನಾಳೆ ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು, ಒಂಬತ್ತೂವರೆಯ ಬಸ್ಸಿಗೆ ಹೊರಡುತ್ತೇನೆ.

ನಿನ್ನ ತಮ್ಮ